ಕೆನಡಾ ಕಾಡ್ಗಿಚ್ಚಿನ ಹೊಗೆ: ಮಾವನವರನ್ನು ವಾಕಿಂಗ್‌ಗೆ ಕಳಿಸಬಹುದಾ?

ಎಡಿಸನ್ ಮನೆ (ಜೂನ್ 7, 2023)
ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮೈಸೂರಿನಿಂದ ಮಾವ ಬಂದಿದ್ದಾರೆ. 71 ವರ್ಷ, ಆಸ್ತಮಾ ಇದೆ. ಬೆಳಗ್ಗೆಯಿಂದ ಮನೆಯೆಲ್ಲ ಸೌದೆ ಒಲೆಯ ವಾಸನೆ. ಸೂರ್ಯ ಕುಂಕುಮದ ಹಾಗೆ ಕಾಣುತ್ತಿದ್ದಾನೆ. ಬೆಂಕಿ ಇರುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ನೂರಾರು ಮೈಲಿ ದೂರ. ಇಲ್ಲಿಗೆ ಇಷ್ಟು ಹೊಗೆ ಹೇಗೆ? ಮಾವ "ಒಲೆ ಮುಂದೆ ಬೆಳೆದವನಮ್ಮ ನಾನು, ಏನಾಗಲ್ಲ" ಅಂತ ಶೂ ಹಾಕಿಕೊಂಡು ನಿಂತಿದ್ದಾರೆ.

ಕ್ವೀನ್ಸ್ ಕನ್ನಡಿಗ
ದಯವಿಟ್ಟು ಕಳಿಸಬೇಡಿ. ಪೂರ್ವ ಕೆನಡಾದ ಕಡಲ ಬಳಿ ವಾಯುಭಾರ ಕುಸಿದಿದೆ. ಅದರ ಸುತ್ತ ತಿರುಗುವ ಗಾಳಿ ಹೊಗೆಯನ್ನು ನಮ್ಮ ಕಡೆ ನೂಕುತ್ತಿದೆ. ಕಣ್ಣಿಗೆ ಕಾಣುವ ಬೂದಿಗಿಂತ ಹೊಗೆಯಲ್ಲಿರುವ ಪಿಎಂ 2.5 ಅನ್ನುವ ತೀರಾ ಸಣ್ಣ ಕಣಗಳೇ ಜಾಸ್ತಿ ಅಪಾಯ. ಕೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಪಾಲು, ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಸೂಚ್ಯಂಕ ಎಕ್ಯೂಐ 300 ದಾಟಿದರೆ ಆರೋಗ್ಯವಂತರಿಗೂ ಅಪಾಯ. ನ್ಯೂಯಾರ್ಕ್‌ನಲ್ಲಿ ಈಗ 400 ದಾಟಿದೆ.

ಎರಡು ಮಕ್ಕಳ ಅಮ್ಮ
ಕಿಟಕಿ ಮುಚ್ಚಿ. ಎಸಿಗೆ ಸಣ್ಣ ಕಣಗಳನ್ನೂ ಹಿಡಿಯುವ ಮರ್ವ್ 13 ದರ್ಜೆಯ ಫಿಲ್ಟರ್ ಹಾಕಿ. ಇನ್ಹೇಲರ್ ಅವರ ಕೈಗೆ ಸಿಗುವ ಹಾಗಿರಲಿ. ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್, ಬಟ್ಟೆಯದ್ದು ಸಾಲದು. ಇವತ್ತು ಊದಿನಕಡ್ಡಿ, ಒಗ್ಗರಣೆ ಎರಡೂ ಬೇಡ.

ಎಡಿಸನ್ ಮನೆ
ತುಂಬಾ ಥ್ಯಾಂಕ್ಸ್. ಶೂ ಬಿಚ್ಚಿದರು. ಊದಿನಕಡ್ಡಿ ಬೇಡ ಅಂದಿದ್ದಕ್ಕೆ ಸ್ವಲ್ಪ ಬೇಜಾರು. ದೇವರಿಗೆ ಹೂವು ಮಾತ್ರ ಇಟ್ಟು, ಹಾಲ್‌ನಲ್ಲೇ ನಡೆಯುತ್ತಿದ್ದಾರೆ.