ಸಹಾಯ ಬೇಕು: ಚಳಿಗಾಲದಲ್ಲಿ ಪಿಟ್ಸ್‌ಬರ್ಗ್‌ನಿಂದ ಈರಿಗೆ ಐ-79 ಹೆದ್ದಾರಿಯ ಪ್ರಯಾಣ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದಲ್ಲಿ, ಊರಿನಿಂದ ಬಂದಿರುವ ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಪಿಟ್ಸ್‌ಬರ್ಗ್‌ನಿಂದ ಈರಿಯಲ್ಲಿರುವ ತಂಗಿಯ ಮನೆಗೆ ಕಾರಿನಲ್ಲಿ ಹೋಗಬೇಕಾಗಿದೆ. ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್‌ನಿಂದ ಹೊರಡುವ ಐ-79 ಹೆದ್ದಾರಿ ಈರಿಯಲ್ಲೇ ಮುಗಿಯುವುದರಿಂದ ದಾರಿ ತಪ್ಪುವ ಭಯವಿಲ್ಲ. ಚಿಂತೆಯೆಲ್ಲ ಈರಿಗೆ ಮುಂಚೆ ಸಿಗುವ ಮೀಡ್‌ವಿಲ್ ಪಟ್ಟಣ ದಾಟಿದ ಮೇಲಿನ ಹಿಮದ್ದು. ಈರಿ ನಗರದ ಪಕ್ಕದಲ್ಲೇ ಇರುವ, ಇನ್ನೂ ಹೆಪ್ಪುಗಟ್ಟದ ಈರಿ ಸರೋವರದ ಮೇಲೆ ಬೀಸುವ ಶೀತಗಾಳಿ ತೇವವನ್ನು ಹೀರಿಕೊಂಡು, ದಂಡೆಯ ಆಚೆಗಿನ ಎತ್ತರದ ನೆಲದ ಮೇಲೆ ಅದನ್ನು ಹಿಮವಾಗಿ ಸುರಿಸುತ್ತದೆ. 2017ರ ಕ್ರಿಸ್‌ಮಸ್‌ನಂದು ಈರಿಯಲ್ಲಿ ಒಂದೇ ದಿನಕ್ಕೆ 34 ಅಂಗುಲ ಬಿದ್ದಿತ್ತು. ಚಳಿಗಾಲದಲ್ಲಿ ಈ ದಾರಿಯಲ್ಲಿ ಓಡಾಡಿರುವವರು, ಹಿಮಪಾತ ಜೋರಾದರೆ ಹಿರಿಯರೊಂದಿಗೆ ರಾತ್ರಿ ತಂಗಲು ಗ್ರೋವ್ ಸಿಟಿ ಸೂಕ್ತವೇ ಅಥವಾ ಮೀಡ್‌ವಿಲ್‌ವರೆಗೂ ಹೋಗಬಹುದೇ, ಆಲ್-ಸೀಸನ್ ಟೈರ್‌ಗಳು ಸಾಕೇ ಎಂಬುದನ್ನು ದಯವಿಟ್ಟು ತಿಳಿಸಿ. ತಂದೆಯವರಿಗೆ ಮಧುಮೇಹವಿರುವುದರಿಂದ ಗಂಟೆಗಟ್ಟಲೆ ರಸ್ತೆಯಲ್ಲಿ ಸಿಲುಕುವಂತಾಗಬಾರದು.