ಹುಡ್ಗ ಹುಡ್ಗಿ ಇಬ್ಬರಿಗೂ ಸೇರಿಸಿ ವೆಡ್ಡಿಂಗ್ ಶವರ್, ಹೇಗೆ ಮಾಡೋದು? (ನ್ಯೂಜೆರ್ಸಿ)

ಎಡಿಸನ್_ಅಕ್ಕ:
ನಮಸ್ಕಾರ ಎಲ್ರಿಗೂ. ನಮ್ಮ ಚಿಕ್ಕಪ್ಪನ ಮಗನ ಮದ್ವೆ 2026 ಸೆಪ್ಟೆಂಬರ್ 5ಕ್ಕೆ, ಲೇಬರ್ ಡೇ ವೀಕೆಂಡು. ಹುಡುಗಿ ಪೆನ್ಸಿಲ್ವೇನಿಯಾದವಳು, ಅಮೆರಿಕನ್. ಬ್ರೈಡಲ್ ಶವರ್ (ಮದ್ವೆಗೆ ಮುಂಚೆ ಹುಡುಗಿಗೆ ಗಿಫ್ಟ್ ಕೊಡೋ ಪಾರ್ಟಿ) ಅಂತ ಬರೀ ಹೆಂಗಸ್ರು ಕೂತು ಟೀ ಕುಡಿಯೋದು ಬೇಡ, ಇಬ್ಬರಿಗೂ ಒಟ್ಟಿಗೆ ಮಾಡಿ, ಗಂಡಸ್ರನ್ನೂ ಕರೀರಿ ಅಂದಿದಾಳೆ. ಅವಳ ಫ್ರೆಂಡ್ ಮತ್ತೆ ನಾನು ಸೇರಿ ಮಾಡೋದು, ನಮ್ಮನೆ ಬ್ಯಾಕ್‌ಯಾರ್ಡಲ್ಲಿ, ಒಂದು ನಲವತ್ತು ಜನ. ಜುಲೈ ಕೊನೆ ಅನ್ಕೊಂಡಿದ್ವಿ, ಮೈಸೂರಿಂದ ಚಿಕ್ಕಮ್ಮ ಫೋನಲ್ಲೇ "ಆಷಾಢದಲ್ಲಿ ಏನೂ ಇಟ್ಕೋಬೇಡಿ" ಅಂದ್ರು. ಗಿಫ್ಟ್ ರಿಜಿಸ್ಟ್ರಿ (ಜೋಡಿ ತಮಗೆ ಏನೇನು ಬೇಕು ಅಂತ ಮೊದಲೇ ಮಾಡಿಡೋ ಪಟ್ಟಿ) ಲಿಂಕ್ ಕಳಿಸೋಕೂ ಮುಜುಗರ ಆಗ್ತಿದೆ, ನಮ್ಮ ಕಡೆ "ಆಶೀರ್ವಾದವೇ ಉಡುಗೊರೆ" ಅಂತ ಪ್ರಿಂಟ್ ಮಾಡಿಸೋ ಜನ ನಾವು. ಆಟ, ಊಟ, ಎಲ್ಲಕ್ಕೂ ಐಡಿಯಾ ಬೇಕು.

ತಿಂಡಿಪೋತ_ಟ್ರೆಂಟನ್:
ಆಗಸ್ಟ್ 15 ಶನಿವಾರ ಇಟ್ಕೊಳಿ. 12ಕ್ಕೆ ಅಮಾವಾಸ್ಯೆ, ಅಲ್ಲಿಂದಾಚೆ ಶ್ರಾವಣ, ಚಿಕ್ಕಮ್ಮನೂ ಖುಷಿ, ಮದ್ವೆಗೂ ಸರಿಯಾಗಿ ಮೂರು ವಾರ ಇರುತ್ತೆ. ಇನ್ವಿಟೇಷನ್ ನಾಕರಿಂದ ಆರು ವಾರ ಮುಂಚೆ ಹೋಗ್ಲಿ, ನಮ್ಮವ್ರಿಗೆ ವಾಟ್ಸಾಪ್ ಸಾಕು ಆದ್ರೆ ಹುಡುಗಿ ಅಜ್ಜಿ ಥರದವ್ರಿಗೆ ಪೋಸ್ಟಲ್ಲಿ ಕಾರ್ಡ್ ಕಳಿಸಿ. ಇನ್ನೊಂದು ಮುಖ್ಯ, ಇಲ್ಲಿಯವ್ರಲ್ಲಿ ಮದ್ವೆಗೆ ಕರೀದೇ ಇರೋರನ್ನ ಶವರ್‌ಗೆ ಕರೆಯೋ ಹಾಗಿಲ್ಲ, ಗಿಫ್ಟಿಗೆ ಮಾತ್ರ ಬೇಕಾದ್ವಾ ಅಂದ್ಕೋತಾರೆ. ನಾವೋ ಪಕ್ಕದ್ಮನೆಯವ್ರು, ಆಫೀಸಿನವ್ರು ಎಲ್ರನ್ನೂ "ಬನ್ನಿ ಬನ್ನಿ" ಅಂದ್ಬಿಡ್ತೀವಿ. ಲಿಸ್ಟ್ ಹುಡುಗಿ ಕೈಲೇ ಓಕೆ ಮಾಡಿಸಿ.

ಸೊಪ್ಪಿನ_ಸಾರು:
ರಿಜಿಸ್ಟ್ರಿಗೆ ಯಾಕ್ರೀ ಮುಜುಗರ? ಊರಲ್ಲಿ ಮುಯ್ಯಿ ಬರ್ಕೊಳ್ಳೋಕೆ ಮಂಟಪದ ಪಕ್ಕ ಒಬ್ರು ನೋಟ್‌ಬುಕ್ ಹಿಡ್ಕೊಂಡು ಕೂತಿರ್ತಾರಲ್ಲ, ಅದಕ್ಕಿಂತ ಇದೇ ವಾಸಿ, ಮೂರು ಮೂರು ಮಿಕ್ಸಿ ಆದ್ರೂ ಬರಲ್ಲ. ಮದ್ವೆ ಕಾರ್ಡಲ್ಲಿ ಹಾಕ್ಬೇಡಿ, ಅದು ಅವರಲ್ಲೂ ಒರಟು. ಶವರ್ ಕಾರ್ಡಲ್ಲಿ ಹಾಕಬಹುದು. ಆದ್ರೆ ಎಲ್ರೆದುರಿಗೆ ಒಂದೊಂದೇ ಗಿಫ್ಟ್ ಬಿಚ್ಚೋದು ಮಾತ್ರ ಬೇಡವೇ ಬೇಡ, ಗಂಡಸ್ರೆಲ್ಲ ಹತ್ತೇ ನಿಮಿಷಕ್ಕೆ ಗ್ರಿಲ್ ಹತ್ರ ಎದ್ದು ಹೋಗ್ತಾರೆ. ಪೇಪರ್ ಸುತ್ತದೇ ತಂದು ಟೇಬಲ್ ಮೇಲೆ ಜೋಡಿಸಿಡಿ ಅಂತ ಕಾರ್ಡಲ್ಲೇ ಬರೀರಿ, ಡಿಸ್‌ಪ್ಲೇ ಶವರ್ ಅಂತಾರೆ ಅದನ್ನ.

ಧಾರವಾಡ್_ಪೇಢೆ:
ಆಟ ನನ್ನ ಕಡೆ ಬಿಡ್ರಿ. ಒಡಪು ಹೇಳಸ್ರಿ! ನಮ್ಮ ಕಡೆ ಮದುವ್ಯಾಗ ಗಂಡನ ಹೆಸರು ಹಂಗ ಹೇಳಂಗಿಲ್ಲ, ಪ್ರಾಸ ಕಟ್ಟಿ ಅದರಾಗ ಸೇರಿಸಬೇಕು. ಇಲ್ಲೆ ಇಬ್ಬರ ಕಡೆಯಿಂದನೂ ಹೇಳಸ್ರಿ, ಆಮ್ಯಾಲೆ ಬಂದ ಜೋಡಿಗೋಳ ಕಡೆಯಿಂದನೂ, ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡಸರು ಎದ್ದು ನಿಂತು ಬೆವರೋದು ನೋಡೋ ಹಂಗ ಇರ್ತದ. ಹಿಂಗ: "ಬೆಳ್ಳಿ ಬಟ್ಟಲದಾಗ ಬೆಣ್ಣಿ ಸಕ್ಕರಿ, ಇಂಥಾಕಿ ನಕ್ಕರ ಮನಿಗೆಲ್ಲ ಅಕ್ಕರಿ", ಇಂಥಾಕಿ ಅಂದಲ್ಲೆ ಹೆಸರು ಹಾಕ್ರಿ. ಹುಡುಗಿಗೆ ಇಂಗ್ಲಿಷ್ ಅಕ್ಷರದಾಗ ಬರದು ಮೊದಲ ಕೊಡ್ರಿ ಪಾಪ. ಇನ್ನ ಓಕುಳಿ ನೀರಾಗ ಉಂಗುರ ಹುಡುಕೋ ಆಟ, ಅದಕ್ಕ ಒಂದು ಕೊಡ ಸಾಕು, ಖರೆ ಉಂಗುರ ಹಾಕಬ್ಯಾಡ್ರಿ ಮತ್ತ, ಲಾನ್ ಮ್ಯಾಲೆ ಬಿದ್ರ ಸಿಗಂಗಿಲ್ಲ.

ಟೊರಾಂಟೊ_ಭಟ್ರು:
ಒಂದು ಮಾತು. ಇಬ್ಬರಿಗೂ ಸೇರಿಸಿ ಮಾಡೋ ಶವರ್‌ಗೆ ನಿಮ್ಮಲ್ಲಿ ಕೆಲವ್ರು ಹಾಗಂತಾರೆ ಅಂತ ಕಾರ್ಡಲ್ಲಿ "ಜ್ಯಾಕ್ ಅಂಡ್ ಜಿಲ್" ಅಂತ ಹಾಕಕ್ಕೆ ಹೋಗಬೇಡಿ, ಕಪಲ್ಸ್ ಶವರ್ ಅಂತ್ಲೇ ಹಾಕಿ. ನಮ್ಮ ಒಂಟಾರಿಯೋದಲ್ಲಿ ಜ್ಯಾಕ್ ಅಂಡ್ ಜಿಲ್, ಬಕ್ ಅಂಡ್ ಡೋ ಅಂದ್ರೆ ಟಿಕೆಟ್ ಮಾರಿ, ರಾಫಲ್ ಇಟ್ಟು ಮದ್ವೆ ಖರ್ಚಿಗೆ ದುಡ್ಡು ಎತ್ತೋ ಪಾರ್ಟಿ. ಕೆನಡಾದಿಂದ ನೆಂಟ್ರು ಬರೋದಿದ್ರೆ ಪರ್ಸ್ ಹಿಡ್ಕೊಂಡೇ ಬರ್ತಾರೆ 😄

ತಿಂಡಿಪೋತ_ಟ್ರೆಂಟನ್:
ಊಟ ಮರ್ತೆ ನೋಡಿ. ಬಿಸಿಬೇಳೆಬಾತ್, ಮೊಸರನ್ನ ಟ್ರೇ ಲೆಕ್ಕದಲ್ಲಿ ಆರ್ಡರ್ ಮಾಡಿ, ಕೋಸಂಬರಿ ಮನೇಲೇ ಆಗುತ್ತೆ, ಗ್ರಿಲ್ ಮೇಲೆ ಜೋಳ, ಪನೀರ್. ಗೋಡಂಬಿ, ಕಡ್ಲೆಬೀಜ ಯಾವುದ್ರಲ್ಲಿದೆ ಅಂತ ಚೀಟಿ ಅಂಟಿಸ್ಲೇಬೇಕು, ಅಲರ್ಜಿ ಇರೋರು ಇರ್ತಾರೆ. ಆಗಸ್ಟ್ ಬಿಸಿಲು, ನಾಕು ಗಂಟೆ ಮೇಲೆ ಶುರು ಮಾಡಿ.

ಎಡಿಸನ್_ಅಕ್ಕ:
ಥ್ಯಾಂಕ್ಸ್ ಎಲ್ರಿಗೂ! 15ನೇ ತಾರೀಖೇ ಫಿಕ್ಸ್, ಚಿಕ್ಕಮ್ಮ ರಾಹುಕಾಲ ಮುಗಿದ್ಮೇಲೆ ಅಂತ ಮಾತ್ರ ಸೇರಿಸಿದ್ರು, ಶನಿವಾರ ಬೆಳಿಗ್ಗೆನೇ ಮುಗಿಯುತ್ತಲ್ಲ. ಪೇಢೆ ಅವ್ರೆ, ಹುಡುಗಿ ಕಡೆಯಿಂದ ಹೇಳೋಕೂ ಒಂದು ಒಡಪು ಬರ್ದುಕೊಡಿ, ನಮ್ಮ ಹುಡುಗನ ಹೆಸ್ರು ಮೆಸೇಜ್ ಮಾಡ್ತೀನಿ. ಪ್ರಾಸ ಸಿಗೋದು ಕಷ್ಟ ಇದೆ ಆ ಹೆಸ್ರಿಗೆ.