ಮುಟ್ಟು ನಿಂತು 10 ತಿಂಗಳಾಯಿತು: ಇದು ಋತುಬಂಧವೆಂದೇ ತಿಳಿಯಬೇಕೆ?

ಪ್ರಶ್ನೆ (ಹಾಸನ, ವಯಸ್ಸು 33)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನನ್ನ ಎಡ ಸ್ತನದಲ್ಲಿ ಕ್ಯಾನ್ಸರ್ ಗಂಟು ಪತ್ತೆಯಾಗಿ ಶಸ್ತ್ರಚಿಕಿತ್ಸೆ, ಮೂರು ವಾರಕ್ಕೊಮ್ಮೆಯಂತೆ 8 ಕೀಮೋ ಮತ್ತು ರೇಡಿಯೇಷನ್ ಮುಗಿದಿವೆ. ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್ (ಅಂದರೆ ಹಾರ್ಮೋನಿನ ಬಲದಿಂದ ಬೆಳೆಯುವ ಗಂಟು) ಇರುವುದರಿಂದ ನಾಲ್ಕು ತಿಂಗಳಿಂದ ಪ್ರತಿದಿನ, ಆ ಹಾರ್ಮೋನನ್ನು ತಡೆಯುವ 20 ಮಿಲಿಗ್ರಾಂ ಟ್ಯಾಮೋಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೂರನೆಯ ಕೀಮೋ ಆದ ಮೇಲೆ ನಿಂತ ಮುಟ್ಟು ಇದುವರೆಗೂ ಬಂದಿಲ್ಲ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಎದೆಯಿಂದ ಮುಖದವರೆಗೆ ಬಿಸಿಯೇರಿ, ದಿಂಬಿನ ಕವರು ಒದ್ದೆಯಾಗುವಷ್ಟು ಬೆವರುತ್ತೇನೆ.

ಮದುವೆಯಾಗಿ ಮೂರು ವರ್ಷವಾಯಿತು, ಮಕ್ಕಳಿಲ್ಲ. ಅತ್ತೆಯವರು ಕೆಟ್ಟವರಲ್ಲ, ಆದರೆ ಹಬ್ಬದ ಅಡುಗೆಗೆ ಮೊದಲು "ಈ ತಿಂಗಳೂ ಹೊರಗಾಗಲಿಲ್ಲವೇನಮ್ಮ?" ಎಂದು ಕೇಳಿದಾಗಲೆಲ್ಲ ಮನಸ್ಸು ಕುಗ್ಗುತ್ತದೆ. ಪಕ್ಕದ ಮನೆಯವರು ಮೆಡಿಕಲ್ ಸ್ಟೋರಿನಲ್ಲಿ ಮುಟ್ಟು ಬರಿಸುವ ಮಾತ್ರೆ ಸಿಗುತ್ತದೆ, ಜೊತೆಗೆ ಒಂದು ಗಿಡಮೂಲಿಕೆಯ ಕಷಾಯ ಕುಡಿ ಎನ್ನುತ್ತಾರೆ. ನನ್ನ ಅಂಡಾಶಯಗಳ ಕೆಲಸ ಇಲ್ಲಿಗೆ ಮುಗಿಯಿತೆಂದು ತಿಳಿಯಬೇಕೆ? ಇದೇ ಹಾದಿಯಲ್ಲಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ (ಉಡುಪಿ)

ತಂಗಿ, ನನಗೆ 36ನೇ ವಯಸ್ಸಿನಲ್ಲಿ ಚಿಕಿತ್ಸೆಯಾಯಿತು, ಮುಟ್ಟು 13 ತಿಂಗಳು ನಿಂತಿತ್ತು. ಇನ್ನು ಬೇಡವೆಂದು ಬೀರುವಿನಲ್ಲಿದ್ದ ಪ್ಯಾಡಿನ ಪ್ಯಾಕೆಟ್ಟುಗಳನ್ನು ಅಕ್ಕನ ಮಗಳಿಗೆ ಕೊಟ್ಟುಬಿಟ್ಟಿದ್ದೆ. ಆಮೇಲೆ ಒಂದು ದಿನ ಆಗುಂಬೆ ಘಾಟಿಯಲ್ಲಿ ಬಸ್ಸು ಇಳಿಯುತ್ತಿರುವಾಗ ಹೊಟ್ಟೆ ಹಿಂಡಿದಂತಾಯಿತು; ಸೋಮೇಶ್ವರ ತಲುಪುವಷ್ಟರಲ್ಲಿ ಸೀರೆಗೆ ಕಲೆಯಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ಗುರುತಿಲ್ಲದ ಅಜ್ಜಿಯೊಬ್ಬರು ತಮ್ಮ ಶಾಲು ಕೊಟ್ಟರು. ಮುಟ್ಟು ಬಂದುದಕ್ಕೆ ಅಷ್ಟು ಅತ್ತದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಆದರೆ ನಿಜವಾಗಿ ಹೇಳಬೇಕಾದುದು ಬೇರೆ ಇದೆ. ಮುಟ್ಟು ಕಾಣಿಸುವುದಕ್ಕೆ ಸುಮಾರು ಎರಡು ವಾರ ಮೊದಲೇ ಅಂಡಾಣು ಬಿಡುಗಡೆಯಾಗಿರಬಹುದೆಂಬುದು ನನಗೆ ತಿಳಿದಿರಲಿಲ್ಲ, ಮುಟ್ಟಿಲ್ಲವೆಂಬ ಧೈರ್ಯದಲ್ಲಿ ನಾವು ಯಾವ ಎಚ್ಚರಿಕೆಯನ್ನೂ ವಹಿಸಿರಲಿಲ್ಲ. ಟ್ಯಾಮೋಕ್ಸಿಫೆನ್ ನುಂಗುತ್ತಿರುವಾಗ ಗರ್ಭ ನಿಂತರೆ ಶಿಶುವಿಗೆ ಅಪಾಯವೆಂದು ವೈದ್ಯರು ಹೇಳಿದಾಗ ಕೈಕಾಲು ತಣ್ಣಗಾದವು. ಪುಣ್ಯಕ್ಕೆ ಹಾಗೇನೂ ಆಗಿರಲಿಲ್ಲ. ಅನಂತರ ಕಾಪರ್-ಟಿ ಹಾಕಿಸಿಕೊಂಡೆ. ಈಗಲೂ ನನ್ನ ಮುಟ್ಟಿಗೆ ಲೆಕ್ಕವಿಲ್ಲ: ಒಮ್ಮೆ 40 ದಿನಕ್ಕೆ ಬಂದರೆ ಇನ್ನೊಮ್ಮೆ ಮೂರು ತಿಂಗಳಿಗೆ.

ಉತ್ತರ (ಸ್ತ್ರೀರೋಗ ತಜ್ಞೆ, ಬೆಂಗಳೂರು)

ನಿಮ್ಮ ಕಡತವನ್ನು ನಾನು ನೋಡಿಲ್ಲವಾದ್ದರಿಂದ ಸಾಮಾನ್ಯವಾಗಿ ಅನ್ವಯಿಸುವುದನ್ನಷ್ಟೇ ಹೇಳುತ್ತೇನೆ. ಸ್ತನ ಕ್ಯಾನ್ಸರಿನ ಕೀಮೋದಲ್ಲಿ ಹೆಚ್ಚಾಗಿ ಬಳಸುವ ಸೈಕ್ಲೋಫಾಸ್ಫಮೈಡ್ ಅಂಡಾಶಯದಲ್ಲಿ ಕೂಡಿಟ್ಟಂತಿರುವ ಎಳೆಯ ಅಂಡಕೋಶಗಳನ್ನು ನಾಶಮಾಡುತ್ತದೆ. ಅವು ಮತ್ತೆ ಹುಟ್ಟುವುದಿಲ್ಲ, ಆದರೆ ಎಷ್ಟು ಉಳಿಯುತ್ತವೆ ಎಂಬುದು ಔಷಧದ ಒಟ್ಟು ಪ್ರಮಾಣವನ್ನೂ, ಅದಕ್ಕಿಂತ ಹೆಚ್ಚಾಗಿ ವಯಸ್ಸನ್ನೂ ಅವಲಂಬಿಸಿದೆ. 35ಕ್ಕಿಂತ ಕಿರಿಯರಲ್ಲಿ ಮುಟ್ಟು ಮರಳುವುದೇ ಹೆಚ್ಚು. 40 ದಾಟಿದವರಲ್ಲಿ ಶಾಶ್ವತವಾಗಿ ನಿಲ್ಲುವ ಸಂಭವ ಹೆಚ್ಚು. ಮರಳುವುದಕ್ಕೆ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷವೂ ಹಿಡಿಯಬಹುದು. ಆದ್ದರಿಂದ 33ರ ವಯಸ್ಸಿನಲ್ಲಿ 10 ತಿಂಗಳ ನಿಲುಗಡೆಯನ್ನು ಋತುಬಂಧವೆಂದು ಕರೆಯಲಾಗದು. ಇದಲ್ಲದೆ ಟ್ಯಾಮೋಕ್ಸಿಫೆನ್ ಕೂಡ ಮುಟ್ಟನ್ನು ಏರುಪೇರು ಮಾಡುತ್ತದೆ, ಬಿಸಿಯೇರಿ ಬೆವರುವಂತೆಯೂ ಮಾಡುತ್ತದೆ.

ಮುಟ್ಟು ಬರುವುದೂ ಫಲವಂತಿಕೆಯೂ ಒಂದೇ ಅಲ್ಲವೆಂಬುದನ್ನು ಇಬ್ಬರೂ ಕುಳಿತು ಅರ್ಥಮಾಡಿಕೊಳ್ಳಿ. ಮುಟ್ಟು ಮರಳಿದವರಲ್ಲೂ ಅಂಡಾಣುಗಳ ಸಂಗ್ರಹ ಕುಗ್ಗಿರಬಹುದು. ಮುಟ್ಟಿಲ್ಲದವರಲ್ಲೂ ಗರ್ಭ ನಿಲ್ಲಬಹುದು. ಸದ್ಯಕ್ಕೆ ಕಾಂಡೋಮ್ ಅಥವಾ ಕಾಪರ್-ಟಿ ಇರಲಿ, ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಬೇಡ. ಅದೇ ಕಾರಣಕ್ಕೆ ಮೆಡಿಕಲ್ ಸ್ಟೋರಿನ "ಮುಟ್ಟು ಬರಿಸುವ ಮಾತ್ರೆ"ಯನ್ನು ದಯವಿಟ್ಟು ಮುಟ್ಟಬೇಡಿ, ಅದೂ ಹಾರ್ಮೋನೇ.

ಮಗುವಿನ ಆಸೆಯನ್ನು ನಿಮ್ಮ ಕ್ಯಾನ್ಸರ್ ತಜ್ಞರಿಗೆ ಈಗಲೇ ತಿಳಿಸಿ, ಮುಟ್ಟು ಬರಲೆಂದು ಕಾಯಬೇಡಿ. 2023ರಲ್ಲಿ ಪ್ರಕಟವಾದ ಪಾಸಿಟಿವ್ ಎಂಬ ಅಧ್ಯಯನದಲ್ಲಿ 42 ವರ್ಷದೊಳಗಿನ ಸುಮಾರು 500 ಮಹಿಳೆಯರು 18ರಿಂದ 30 ತಿಂಗಳು ಹಾರ್ಮೋನನ್ನು ತಡೆಯುವ ಚಿಕಿತ್ಸೆ (ಟ್ಯಾಮೋಕ್ಸಿಫೆನ್ ಅಂಥದ್ದೇ) ಪಡೆದು, ಗರ್ಭಧಾರಣೆಗಾಗಿ ಗರಿಷ್ಠ ಎರಡು ವರ್ಷ ಅದನ್ನು ನಿಲ್ಲಿಸಿದ್ದರು. ಮೂರು ವರ್ಷಗಳಷ್ಟು ಅವಧಿಯಲ್ಲಿ ಅವರಲ್ಲಿ ಕಾಯಿಲೆ ಮರುಕಳಿಸಿದ್ದು ಹೆಚ್ಚಾಗಲಿಲ್ಲ. ದೀರ್ಘಾವಧಿಯ ಫಲಿತಾಂಶಕ್ಕಾಗಿ ಅವರನ್ನು ಇನ್ನೂ ಗಮನಿಸಲಾಗುತ್ತಿದೆ. ನಿಮಗೆ ಇದು ಒಪ್ಪುತ್ತದೆಯೇ ಎಂಬುದನ್ನು ಗಂಟಿನ ಹಂತ ನೋಡಿ ನಿಮ್ಮ ಕ್ಯಾನ್ಸರ್ ತಜ್ಞರೇ ಹೇಳಬೇಕು, ಮಾತ್ರೆಯನ್ನು ನೀವಾಗಿಯೇ ಎಂದಿಗೂ ನಿಲ್ಲಿಸಬೇಡಿ.

ಈ ಮಾತು ಕೀಮೋಗೆ ಮೊದಲೇ ನಡೆಯಬೇಕಿತ್ತೆಂಬುದು ನನಗೆ ಬಹಳ ನೋವಿನ ಸಂಗತಿ. ಅಂಡಾಣು ಅಥವಾ ಭ್ರೂಣವನ್ನು ಶೀತಲೀಕರಿಸಿಡುವ ಅವಕಾಶ ಆಗ ಇರುತ್ತದೆ. ಕೀಮೋ ನಡೆಯುವಾಗ ಗೋಸೆರೆಲಿನ್ ಚುಚ್ಚುಮದ್ದು ಕೊಟ್ಟು ಅಂಡಾಶಯವನ್ನು ನಿದ್ರೆಗೆ ಕಳುಹಿಸಿದಂತೆ ಇಡುವ ಕ್ರಮವೂ ಇದೆ. ಹಾರ್ಮೋನ್ ರಿಸೆಪ್ಟರ್ ನೆಗೆಟಿವ್ ಇದ್ದವರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷದ ನಂತರ ಅಂಡಾಶಯ ವೈಫಲ್ಯ ಕಂಡದ್ದು ಚುಚ್ಚುಮದ್ದು ಪಡೆದವರಲ್ಲಿ 8%, ಪಡೆಯದವರಲ್ಲಿ 22%. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಚಿಕಿತ್ಸೆ ಇನ್ನೂ ಶುರುವಾಗಬೇಕಿದ್ದರೆ, ನಾಳೆಯೇ ಕೇಳಿ.

ಉತ್ತರ (ಧಾರವಾಡ, ವಯಸ್ಸು 44)

ಡಾಕ್ಟರ್ ಹೇಳಿದ್ದಕ್ಕೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ಒಂದೂವರೆ ವರ್ಷ ಮುಟ್ಟು ಬರಲಿಲ್ಲವೆಂಬ ಒಂದೇ ಕಾರಣಕ್ಕೆ, ರಕ್ತಪರೀಕ್ಷೆಯನ್ನೂ ಮಾಡಿಸದೆ, ಒಂದು ಆಸ್ಪತ್ರೆಯಲ್ಲಿ ನನ್ನ ಟ್ಯಾಮೋಕ್ಸಿಫೆನ್ ಬದಲಿಸಿ, ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನನ್ನು ತಗ್ಗಿಸುವ ಲೆಟ್ರೊಜೋಲ್ ಮಾತ್ರೆ ಬರೆದುಕೊಟ್ಟರು. ಮೂರನೆಯ ತಿಂಗಳು ನನಗೆ ಮುಟ್ಟು ಬಂತು. ಆ ಮಾತ್ರೆ ಅಂಡಾಶಯ ಪೂರ್ತಿ ನಿಂತವರಿಗೆ ಮಾತ್ರ ಸಾಕಾಗುತ್ತದೆ, ಅರೆಜೀವವಿದ್ದ ಅಂಡಾಶಯವನ್ನು ಅದೇ ಮತ್ತೆ ಎಬ್ಬಿಸಬಹುದು, ಆಗ ಕ್ಯಾನ್ಸರಿಗೆ ಬೇಕಾದ ಈಸ್ಟ್ರೊಜೆನ್ ಮತ್ತೆ ದೊರೆಯುತ್ತದೆ ಎಂಬುದನ್ನು ಎರಡನೆಯ ವೈದ್ಯರು ಚಿತ್ರ ಬರೆದು ವಿವರಿಸಿದರು. ಈಗ 28 ದಿನಕ್ಕೊಮ್ಮೆ ಹೊಟ್ಟೆಯ ಚರ್ಮದಡಿಗೆ ಗೋಸೆರೆಲಿನ್ ಹಾಕುತ್ತಾರೆ. ಸೂಜಿ ದಪ್ಪ, ಆದರೆ ಕ್ಷಣದಲ್ಲಿ ಮುಗಿಯುತ್ತದೆ. ಅದರ ಜೊತೆಗೆ ಲೆಟ್ರೊಜೋಲ್ ನಡೆದಿದೆ. ಮೂಳೆ ಸವೆಯದಿರಲೆಂದು ಸ್ಕ್ಯಾನ್ ಮಾಡಿಸಿ ಕ್ಯಾಲ್ಸಿಯಂ ಕೊಟ್ಟಿದ್ದಾರೆ. ನಿಮ್ಮ ಮಾತ್ರೆಯ ಹೆಸರು ಬದಲಾದ ದಿನ "ಏಕೆ?" ಎಂದು ಕೇಳದೆ ಆ ಕೋಣೆಯಿಂದ ಎದ್ದು ಬರಬೇಡಿ.

ಪ್ರಶ್ನೆ ಕೇಳಿದವರು (ಹಾಸನ)

ಮೂವರಿಗೂ ಕೈಮುಗಿಯುತ್ತೇನೆ. ಉತ್ತರಗಳನ್ನು ನಮ್ಮವರಿಗೆ ಗಟ್ಟಿಯಾಗಿ ಓದಿದೆ. ಅತ್ತೆಯವರೂ ಬಾಗಿಲ ಬಳಿ ನಿಂತು ಕೇಳಿಸಿಕೊಂಡರು, ಏನೂ ಹೇಳಲಿಲ್ಲ, ಆದರೆ ಒಲೆಯ ಮೇಲಿದ್ದ ಕಷಾಯವನ್ನು ತಾವೇ ಚೆಲ್ಲಿ ಬಂದರು. ಗುರುವಾರ ಓಪಿಡಿ ಇದೆ. ಎಎಂಎಚ್ ಎಂಬ ರಕ್ತಪರೀಕ್ಷೆ ಮಾಡಿಸಿದರೆ ಮಗುವಾಗುತ್ತದೆಯೋ ಇಲ್ಲವೋ ತಿಳಿಯುತ್ತದೆಯೇ, ಡಾಕ್ಟರ್?

ಉತ್ತರ (ಸ್ತ್ರೀರೋಗ ತಜ್ಞೆ, ಬೆಂಗಳೂರು)

ಅಂಡಾಶಯದಲ್ಲಿ ಎಷ್ಟು ಸಂಗ್ರಹ ಉಳಿದಿದೆ ಎಂಬ ಅಂದಾಜನ್ನು ಅದು ಕೊಡುತ್ತದೆ, ಮಗುವಾಗುತ್ತದೆಯೋ ಇಲ್ಲವೋ ಎಂಬ ತೀರ್ಪನ್ನಲ್ಲ. ಕೀಮೋ ಮುಗಿದ ಹೊಸತರಲ್ಲಿ ಕಡಿಮೆ ಬಂದ ಅಂಕಿ ಮುಂದೆ ಏರುವುದೂ ಉಂಟು. ರಾತ್ರಿಯ ಬೆವರಿನ ವಿಷಯವನ್ನೂ ಗುರುವಾರ ಹೇಳಿ, ಅದಕ್ಕೆ ಹಾರ್ಮೋನ್ ಅಲ್ಲದ ಔಷಧಗಳಿವೆ. ಅವುಗಳಲ್ಲಿ ಪ್ಯಾರೊಕ್ಸೆಟಿನ್ ಮತ್ತು ಫ್ಲುಒಕ್ಸೆಟಿನ್ ಟ್ಯಾಮೋಕ್ಸಿಫೆನ್ನಿನ ಕೆಲಸಕ್ಕೆ ಅಡ್ಡಿಯಾಗುವುದರಿಂದ, ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಜೊತೆಯಲ್ಲಿ ಒಯ್ಯಿರಿ.